ಒಂದು ಆಟ, ಹಲವು ಆವೃತ್ತಿಗಳು

ನಿಘಂಟು ಪರಿಷ್ಕೃತವಾಗಿ ಹೊಸ ಮುದ್ರಣ ಕಂಡಿತೆಂದರೆ ನಾವು ಹಳೆಯ ಪ್ರತಿಯನ್ನು ಅಟ್ಟಕ್ಕೇರಿಸಿ ಹೊಸದನ್ನು ಮೇಜಿನ ಮೇಲಿಟ್ಟುಕೊಳ್ಳುತ್ತೇವೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಓದು ಒಬ್ಬೊಬ್ಬರ ಏಕಾಂತದ ಕೆಲಸ. ಆಟದ ಮಾತು ಹಾಗಲ್ಲ. ಐದು ಜನ ಕೂಡಿ ಆಡುವ ಆಟದಲ್ಲಿ ನಿಯಮವನ್ನು ಬದಲಿಸಬೇಕಾದರೆ ಐವರೂ ಒಪ್ಪಬೇಕು. ಒಬ್ಬ ಒಲ್ಲೆನೆಂದರೆ ಒಂದೋ ಹಳೆಯ ನಿಯಮ ಉಳಿಯಬೇಕು, ಇಲ್ಲವೇ ಗೆಳೆತನ ಸಡಿಲಬೇಕು. ಈ ಸಣ್ಣ ಸತ್ಯವನ್ನು ಮರೆತ ಪ್ರಕಾಶಕರು ಪಟ್ಟ ಪಾಡನ್ನೂ, ನೆನಪಿಟ್ಟವರು ಕಂಡ ಏಳಿಗೆಯನ್ನೂ ತಿಳಿಯಬೇಕಾದರೆ, ಅಮೆರಿಕದಲ್ಲಿ ಹುಟ್ಟಿ ಇಂದು ಅನೇಕ ದೇಶಗಳಲ್ಲಿ ಹಬ್ಬಿರುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಐವತ್ತು ವರ್ಷಗಳ ಚರಿತ್ರೆಯನ್ನು ನೋಡಬೇಕು.

ಹೆಸರನ್ನು ಕನ್ನಡಿಸಿದರೆ ‘ನೆಲಮಾಳಿಗೆಗಳು ಮತ್ತು ಘಟಸರ್ಪಗಳು’ ಎಂದಾದೀತು. ನಾಲ್ಕಾರು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ: ಒಬ್ಬ ಖಡ್ಗವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಹೀಗೆ. ಸೂತ್ರಧಾರ ಸನ್ನಿವೇಶವನ್ನು ವರ್ಣಿಸುತ್ತಾನೆ. ಆಟಗಾರರು ತಮ್ಮ ಪಾತ್ರ ಏನು ಮಾಡುವುದೆಂದು ಹೇಳುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿ ಕುಳಿತಲ್ಲೇ ಕರ್ಣನೋ ಕೌರವನೋ ಆಗಿ ಮಾತು ಕಟ್ಟುವುದನ್ನು ಕೇಳಿದವರಿಗೆ ಇದರ ಸ್ವಾರಸ್ಯ ಸುಲಭವಾಗಿ ತಿಳಿದೀತು. ವ್ಯತ್ಯಾಸವೆಂದರೆ ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು; ಇಲ್ಲಿ ಕರ್ಣ ಗೆದ್ದರೂ ಗೆಲ್ಲಬಹುದು. ಒಂದೇ ಕಥೆ ವಾರಕ್ಕೊಂದು ಸಂಜೆಯಂತೆ ವರ್ಷಗಟ್ಟಲೆ ನಡೆಯುವುದೂ ಉಂಟು. ಪಾತ್ರ ಬೆಳೆಯುತ್ತದೆ, ಗಾಯಗೊಳ್ಳುತ್ತದೆ, ಸಾಯುತ್ತದೆ.

ಈ ಆಟದ ವಂಶವೃಕ್ಷದ ಬೇರು ನಮ್ಮ ಚತುರಂಗದವರೆಗೆ ಹೋಗುತ್ತದೆ. ಭಾರತದ ಚತುರಂಗ ಪರ್ಷಿಯಾ ಅರಬ್ ದೇಶಗಳನ್ನು ಹಾದು ಯೂರೋಪನ್ನು ಸೇರಿತು. 1780ರಲ್ಲಿ ಹೆಲ್‌ವಿಗ್ ಎಂಬ ಜರ್ಮನ್ ಪಂಡಿತ ಅದನ್ನೇ ಹಿಗ್ಗಿಸಿ ಯುದ್ಧದ ಆಟವೊಂದನ್ನು ಕಟ್ಟಿದ. 1824ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬ ಅಧಿಕಾರಿ ಚೌಕದ ಮನೆಗಳನ್ನು ಬಿಟ್ಟು ಭೂಪಟದ ಮೇಲೆ, ದಾಳ ಉರುಳಿಸಿ, ತೀರ್ಪುಗಾರನೊಬ್ಬನನ್ನಿಟ್ಟುಕೊಂಡು ಆಡುವ ಕ್ರಮವನ್ನು ಪ್ರಕಟಿಸಿದ. ಸೇನೆಯ ತರಬೇತಿಗೆ ಅದು ಬಳಕೆಯಾಯಿತು. 1913ರಲ್ಲಿ ಎಚ್. ಜಿ. ವೆಲ್ಸ್ ಆಟಿಕೆಯ ಸೈನಿಕರಿಂದ ಮನೆಯಲ್ಲಿ ಯುದ್ಧವಾಡುವ ಬಗೆಯನ್ನು ಕುರಿತು ಪುಸ್ತಕವನ್ನೇ ಬರೆದ. 1960ರ ದಶಕದ ಅಮೆರಿಕದಲ್ಲಿ ಇಂಥ ಆಟದ ಹವ್ಯಾಸಿಗಳ ಗುಂಪುಗಳು ಹುಟ್ಟಿದ್ದವು. 1969ರಲ್ಲಿ ಮಿನೆಸೋಟದ ಡೇವಿಡ್ ವೆಸ್ಲಿ ಒಬ್ಬೊಬ್ಬ ಆಟಗಾರನಿಗೂ ಒಂದು ದಂಡಿನ ಬದಲು ಒಬ್ಬನೇ ವ್ಯಕ್ತಿಯ ಪಾತ್ರವನ್ನು ಕೊಟ್ಟು ನೋಡಿದ. ಅವನ ಗೆಳೆಯ ಡೇವ್ ಆರ್ನೆಸನ್ ಅದನ್ನು ಮಂತ್ರ ತಂತ್ರಗಳ ಕಲ್ಪಿತ ರಾಜ್ಯಕ್ಕೆ ಒಯ್ದ. ವಿಸ್ಕಾನ್ಸಿನ್ನಿನ ಲೇಕ್ ಜಿನೀವ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ 1971ರಲ್ಲಿ ಮಧ್ಯಯುಗದ ಕಾಳಗಕ್ಕೆ ನಿಯಮಾವಳಿಯೊಂದನ್ನು ಜೊತೆಗಾರನೊಡನೆ ಬರೆದಿದ್ದ. ಆರ್ನೆಸನ್ ಮತ್ತು ಗೈಗ್ಯಾಕ್ಸ್ ಇಬ್ಬರೂ ಕೂಡಿದಾಗ ಹೊಸ ಆಟ ಹುಟ್ಟಿತು.

1974ರ ಆರಂಭದಲ್ಲಿ ಅದು ಪ್ರಕಟವಾಯಿತು. ಒಂದು ಪೆಟ್ಟಿಗೆ, ಮೂರು ಕಿರುಹೊತ್ತಗೆ, ಬೆಲೆ 10 ಡಾಲರು, ಮೊದಲ ಮುದ್ರಣ 1000 ಪ್ರತಿ. ದೊಡ್ಡ ಪ್ರಕಾಶಕರು ಇದಕ್ಕೆ ಕೈಹಾಕದೆ ಇದ್ದುದರಿಂದ ಗೈಗ್ಯಾಕ್ಸ್ ಗೆಳೆಯರೊಡನೆ ಟಿ.ಎಸ್.ಆರ್. ಎಂಬ ಸಂಸ್ಥೆ ಹೂಡಿ ತಾನೇ ಅಚ್ಚು ಹಾಕಿಸಿದ. ಆ ಹೊತ್ತಗೆಗಳನ್ನು ಓದಿ ಆಟ ಕಲಿಯುವುದು ಸುಲಭವಿರಲಿಲ್ಲ. ಎಷ್ಟೋ ಕಡೆ ನಿಯಮ ಅಪೂರ್ಣ. ಕಾಳಗಕ್ಕೆ ಹಳೆಯ ಇನ್ನೊಂದು ಪುಸ್ತಕವನ್ನು ನೋಡಬೇಕೆಂಬ ಸೂಚನೆ ಬೇರೆ. ಹೀಗಾಗಿ ಪ್ರತಿಯೊಂದು ಊರಿನ ಗುಂಪೂ ಬಿಟ್ಟುಹೋದ ಜಾಗವನ್ನು ತನಗೆ ತೋಚಿದಂತೆ ತುಂಬಿಕೊಂಡಿತು. ಚೌಕಾಬಾರದ ನಿಯಮ ನಮ್ಮಲ್ಲಿ ಮನೆಯಿಂದ ಮನೆಗೆ ಬದಲಾಗುವುದಿಲ್ಲವೇ, ಹಾಗೆ. ಮೊದಲ ಆವೃತ್ತಿಯ ಈ ದೋಷವೇ ಅದರ ಪುಣ್ಯವಾಯಿತು. ಆಟಗಾರ ಆರಂಭದಿಂದಲೇ ಸಹಲೇಖಕನಾದ. ‘ಇದು ನಮ್ಮ ಆಟ’ ಎಂಬ ಭಾವ ಅವನಲ್ಲಿ ಬೇರೂರಿತು. ಮುಂದಿನ ಎಲ್ಲ ಜಗಳಗಳ ಬೀಜವೂ ಇಲ್ಲಿಯೇ ಇದೆ.

1977ರಿಂದ ಆಟ ಎರಡು ಕವಲಾಗಿ ಒಡೆಯಿತು. ಹೊಸಬರಿಗೆಂದು ‘ಬೇಸಿಕ್’ ಎಂಬ ಸರಳ ಪೆಟ್ಟಿಗೆ ಒಂದು ಕಡೆ. ನುರಿತವರಿಗೆಂದು ‘ಅಡ್ವಾನ್ಸ್ಡ್’ ಎಂಬ ಮೂರು ದಪ್ಪ ಗ್ರಂಥಗಳು ಇನ್ನೊಂದು ಕಡೆ. ಈ ಮೂರು ಗ್ರಂಥಗಳು 1977, 1978, 1979ರಲ್ಲಿ ವರ್ಷಕ್ಕೊಂದರಂತೆ ಬಂದವು. ಊರಿಗೊಂದು ಪಾಠಾಂತರವಿದ್ದ ಆಟಕ್ಕೆ ಒಂದು ಅಧಿಕೃತ ಪಾಠವನ್ನು ನಿಲ್ಲಿಸಬೇಕೆಂಬುದು ಗೈಗ್ಯಾಕ್ಸನ ಆಸೆಯಾಗಿತ್ತು. ‘ಅಡ್ವಾನ್ಸ್ಡ್’ ಬೇರೆಯೇ ಆಟವೆಂದು ಸಂಸ್ಥೆ ವಾದಿಸಿ ಆರ್ನೆಸನ್ನನಿಗೆ ಗೌರವಧನ ನಿರಾಕರಿಸಿದ್ದರಿಂದ ಆತ 1979ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ, 1981ರಲ್ಲಿ ರಾಜಿಯಾಯಿತು. ಸರಳ ಕವಲು 1981ರಲ್ಲಿ ಒಮ್ಮೆ, 1983ರಲ್ಲಿ ಇನ್ನೊಮ್ಮೆ ಪರಿಷ್ಕಾರಗೊಂಡಿತು. 1983ರ ಕೆಂಪು ಪೆಟ್ಟಿಗೆ ಹಲವು ಭಾಷೆಗಳಿಗೆ ಅನುವಾದವಾಗಿ ಯೂರೋಪಿನ ಎಷ್ಟೋ ಮಕ್ಕಳ ಕೈ ಸೇರಿತು. ಇಂದು ಐವತ್ತು ಅರವತ್ತು ದಾಟಿದ ಆಟಗಾರರನ್ನು ಕೇಳಿದರೆ ಆ ಪೆಟ್ಟಿಗೆಯ ಹೆಸರು ಹೇಳುವಾಗ ಅವರ ದನಿಯಲ್ಲಿ ಬಾಲ್ಯದ ಅಭಿಮಾನ ಕೇಳಿಸುತ್ತದೆ.

1980ರ ದಶಕದಲ್ಲಿ ಆಟಕ್ಕೆ ಬೇರೊಂದು ಕಂಟಕ ಬಂದಿತು. ಪುಸ್ತಕಗಳಲ್ಲಿದ್ದ ಭೂತ ಪಿಶಾಚಿಗಳ ಚಿತ್ರವನ್ನು ಕಂಡು ಇದು ಮಕ್ಕಳನ್ನು ಸೈತಾನನ ಆರಾಧನೆಗೆ ಎಳೆಯುವ ಆಟವೆಂದು ಅಮೆರಿಕದ ಕೆಲವು ಧಾರ್ಮಿಕರೂ ಹೆತ್ತವರೂ ಕೂಗೆಬ್ಬಿಸಿದರು. ಕೂಗಿಗೆ ಹೆದರಿ ಆಟ ನಿಲ್ಲಲಿಲ್ಲ. ಆದರೆ 1989ರಲ್ಲಿ ‘ಅಡ್ವಾನ್ಸ್ಡ್’ ಕವಲಿನ ಎರಡನೆಯ ಆವೃತ್ತಿ ಬಂದಾಗ ಪಿಶಾಚಿಗಳು ಹೆಸರು ಬದಲಿಸಿಕೊಂಡಿದ್ದವು, ಕೊಲೆಗಡುಕನ ಪಾತ್ರವರ್ಗ ಮಾಯವಾಗಿತ್ತು. ಅಷ್ಟರಲ್ಲಿ ಗೈಗ್ಯಾಕ್ಸನೂ ಸಂಸ್ಥೆಯಲ್ಲಿ ಇರಲಿಲ್ಲ. 1985ರಲ್ಲಿ ಆಡಳಿತ ಅವನ ಕೈತಪ್ಪಿತ್ತು. ಆಟವನ್ನು ಹುಟ್ಟಿಸಿದ ಇಬ್ಬರಿಗೂ ಅದರ ಹೊಸ ಆವೃತ್ತಿಯಲ್ಲಿ ಪಾತ್ರವಿರಲಿಲ್ಲ. ಆದರೂ ಆಟಗಾರರು ದೊಡ್ಡ ಗದ್ದಲವಿಲ್ಲದೆ ಈ ಆವೃತ್ತಿಗೆ ದಾಟಿಕೊಂಡರು. ಕಾರಣ ಸರಳ. ಹಳೆಯ ಪುಸ್ತಕಗಳ ಸಾಹಸಗಳನ್ನು ಹೆಚ್ಚು ತಿದ್ದದೆಯೇ ಹೊಸ ನಿಯಮದಲ್ಲಿ ಆಡಬಹುದಾಗಿತ್ತು. ಹತ್ತು ವರ್ಷ ಸಾಕಿದ ಪಾತ್ರ ಹೊಸ ಮನೆಯಲ್ಲೂ ಬದುಕಬಲ್ಲುದಾದರೆ ಮನೆ ಬದಲಿಸಲು ಯಾರ ತಕರಾರು?

ಎರಡನೆಯ ಆವೃತ್ತಿ ಹನ್ನೊಂದು ವರ್ಷ ಬಾಳಿತು. ಆದರೆ ಟಿ.ಎಸ್.ಆರ್. ಬಾಳಲಿಲ್ಲ. ಒಂದರ ಬೆನ್ನಿಗೊಂದು ಕಲ್ಪಿತ ಲೋಕಗಳನ್ನು ಅದು ಹೊರತಂದಿತು. ಒಂದು ಲೋಕದ ಅಭಿಮಾನಿ ಇನ್ನೊಂದರ ಪುಸ್ತಕವನ್ನು ಮುಟ್ಟದಾದ. ಮಾರಾಟವಾಗದ ಪುಸ್ತಕಗಳು ಅಂಗಡಿಗಳಿಂದ ಹಿಂದಕ್ಕೆ ಬಂದವು, ಸಾಲ ಬೆಳೆಯಿತು. 1997ರಲ್ಲಿ ಸಂಸ್ಥೆಯನ್ನು ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿ ಕೊಂಡಿತು. ಎರಡು ವರ್ಷಗಳಲ್ಲಿ ಆ ಕಂಪನಿಯನ್ನು ಹ್ಯಾಸ್‌ಬ್ರೊ ಎಂಬ ಆಟಿಕೆಯ ದೈತ್ಯ ಕೊಂಡಿತು.

ಹೊಸ ಒಡೆಯರು 2000ದಲ್ಲಿ ಮೂರನೆಯ ಆವೃತ್ತಿಯನ್ನು ತಂದರು. ನಿಯಮಗಳನ್ನು ಬುಡದಿಂದ ಮರುಕಟ್ಟಿದ್ದು ಇದೇ ಮೊದಲು. ಹಿಂದಿನ ಆವೃತ್ತಿಗಳಲ್ಲಿ ಕವಚದ ಅಂಕಿ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಕೆಲವು ಕೆಲಸಕ್ಕೆ ದಾಳದಲ್ಲಿ ಹೆಚ್ಚು ಬೀಳಬೇಕು, ಕೆಲವಕ್ಕೆ ಕಡಿಮೆ. ಹೊಸಬನಿಗೆ ತಲೆ ಸುತ್ತುತ್ತಿತ್ತು. ಮೂರನೆಯದರಲ್ಲಿ ಒಂದೇ ಸೂತ್ರ: ಇಪ್ಪತ್ತು ಮುಖದ ದಾಳ ಉರುಳಿಸು, ನಿನ್ನ ಬಲವನ್ನು ಕೂಡಿಸು, ಗುರಿಯ ಅಂಕಿಯನ್ನು ಮುಟ್ಟಿದರೆ ಗೆದ್ದೆ. ಇಷ್ಟು ದೊಡ್ಡ ಬದಲಾವಣೆಯನ್ನೂ ಬಹುಮಂದಿ ಆಟಗಾರರು ಒಪ್ಪಿಕೊಂಡರು. ಅದಕ್ಕೆ ನಿಯಮದ ಅಂದವಷ್ಟೇ ಕಾರಣವಲ್ಲ. ಮುಳುಗುತ್ತಿದ್ದ ಆಟ ಉಳಿಯಿತೆಂಬ ನೆಮ್ಮದಿ ಒಂದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ತಮ್ಮ ಪುಸ್ತಕವನ್ನು ಬರೆದು ಮಾರಬಹುದೆಂದು ಕಂಪನಿ ಒಂದು ಮುಕ್ತ ಪರವಾನಗಿಯನ್ನು ಪ್ರಕಟಿಸಿತು. ನೂರಾರು ಸಣ್ಣ ಪ್ರಕಾಶಕರು ಹುಟ್ಟಿಕೊಂಡರು. 1974ರ ಆಟಗಾರ ಅಘೋಷಿತ ಸಹಲೇಖಕನಾಗಿದ್ದರೆ, 2000ದ ಆಟಗಾರನಿಗೆ ಕಾಗದದ ಮೇಲೆ ಆ ಹಕ್ಕು ದೊರೆಯಿತು. 2003ರಲ್ಲಿ, ಮೂರೇ ವರ್ಷಕ್ಕೆ, ‘ಮೂರೂವರೆ’ ಎಂದು ಕರೆಯಲ್ಪಟ್ಟ ಪರಿಷ್ಕರಣ ಬಂದಾಗ ಮತ್ತೆ ಪುಸ್ತಕ ಕೊಳ್ಳಬೇಕೇ ಎಂದು ಗೊಣಗಿದವರುಂಟು, ಗೊಣಗಿಯೂ ಕೊಂಡರು.

ನಾಲ್ಕನೆಯ ಆವೃತ್ತಿ 2008ರ ಜೂನ್‌ನಲ್ಲಿ ಬಂತು. ಗೈಗ್ಯಾಕ್ಸ್ ಅದೇ ಮಾರ್ಚ್‌ನಲ್ಲಿ ತೀರಿಕೊಂಡಿದ್ದ. ಆರ್ನೆಸನ್ ಮರುವರ್ಷ ತೀರಿಕೊಂಡ. ಆ ಆವೃತ್ತಿಯನ್ನು ಕೆಟ್ಟದ್ದೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಹಳೆಯ ಕ್ರಮದಲ್ಲಿ ಆರಂಭದ ಹಂತದ ಮಾಂತ್ರಿಕ ದಿನಕ್ಕೊಂದು ಮಂತ್ರ ಹಾಕಿ, ಆಮೇಲೆ ಚೂರಿ ಎಸೆಯುತ್ತ ಮೂಲೆಯಲ್ಲಿ ನಿಲ್ಲಬೇಕಾಗಿತ್ತು. ಮೇಲಿನ ಹಂತಗಳಲ್ಲಿ ಖಡ್ಗವೀರ ಅವನೆದುರು ಮಂಕಾಗುತ್ತಿದ್ದ. ನಾಲ್ಕನೆಯದು ಈ ಅಸಮತೋಲನವನ್ನು ನೀಗಿತು. ಎಲ್ಲ ಪಾತ್ರಗಳಿಗೂ ಸದಾ ಬಳಸಬಹುದಾದ ಕೆಲವು ಶಕ್ತಿ, ಕಾಳಗಕ್ಕೊಮ್ಮೆ ಬಳಸುವ ಕೆಲವು, ದಿನಕ್ಕೊಮ್ಮೆ ಬಳಸುವ ಕೆಲವು ಎಂದು ಹಂಚಿಕೊಟ್ಟಿತು. ಸೂತ್ರಧಾರನ ದುಡಿಮೆಯೂ ಹಗುರವಾಯಿತು. ಆದರೆ ಮಾಂತ್ರಿಕನೂ ಖಡ್ಗವೀರನೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಅನೇಕರಿಗೆ ಕಂಡರು. ಕಾಳಗವನ್ನು ಚೌಕದ ಹಲಗೆಯ ಮೇಲೆ ಗೊಂಬೆಯಿಟ್ಟೇ ಆಡಬೇಕು. ಹಳೆಯ ಸಾಹಸಗಳನ್ನೂ ಪಾತ್ರಗಳನ್ನೂ ಹೊಸ ನಿಯಮಕ್ಕೆ ಹೊಂದಿಸುವುದು ದುಸ್ತರವಾಯಿತು. ಜೊತೆಗೆ ಹೊಸ ಆವೃತ್ತಿಗೆ ಹಳೆಯ ಮುಕ್ತ ಪರವಾನಗಿ ಇಲ್ಲ, ಬಿಗಿಯಾದ ಬೇರೊಂದು. 2009ರ ಏಪ್ರಿಲ್‌ನಲ್ಲಿ ಹಿಂದಿನ ಆವೃತ್ತಿಗಳ ವಿದ್ಯುನ್ಮಾನ ಪ್ರತಿಗಳ ಮಾರಾಟವನ್ನೂ ಕಂಪನಿ ನಿಲ್ಲಿಸಿಬಿಟ್ಟಿತು. ಕಳ್ಳಪ್ರತಿಯ ತಡೆ ಅದಕ್ಕೆ ಕೊಟ್ಟ ಕಾರಣ. ಆಟಗಾರರಿಗೆ ಮಾತ್ರ ಹಿಂದಿನ ಬಾಗಿಲಿಗೆ ಬೀಗ ಹಾಕಿದಂತೆ ತೋರಿತು.

ಆಗ ನಡೆದದ್ದು ಆಟಗಳ ಚರಿತ್ರೆಯಲ್ಲಿ ಅಪರೂಪದ ಘಟನೆ. ಈ ಆಟದ ಎರಡು ಅಧಿಕೃತ ಮಾಸಿಕಗಳನ್ನು 2007ರವರೆಗೆ ಪರವಾನಗಿಯ ಮೇಲೆ ಪ್ರಕಟಿಸುತ್ತಿದ್ದ ಪೈಝೊ ಎಂಬ ಸಣ್ಣ ಸಂಸ್ಥೆ, ಕಂಪನಿ ಕೈಬಿಟ್ಟ ‘ಮೂರೂವರೆ’ ನಿಯಮವನ್ನು ಮುಕ್ತ ಪರವಾನಗಿಯ ಬಲದಿಂದ ಎತ್ತಿಕೊಂಡಿತು. ಆಟಗಾರರಿಂದಲೇ ಪರೀಕ್ಷೆ ಮಾಡಿಸಿ, ತಿದ್ದಿ, 2009ರಲ್ಲಿ ‘ಪಾತ್‌ಫೈಂಡರ್’ ಎಂಬ ಹೆಸರಿನಲ್ಲಿ ಹೊರತಂದಿತು. ಹಳೆಯ ಮನೆಯನ್ನು ಬಿಡಲೊಲ್ಲದವರು ಅಲ್ಲಿಗೆ ಹೋದರು. 2011ರ ಹೊತ್ತಿಗೆ ಆಟದಂಗಡಿಗಳ ಮಾರಾಟವನ್ನು ಕುರಿತ ಒಂದು ವ್ಯಾಪಾರ ಪತ್ರಿಕೆಯ ಸಮೀಕ್ಷೆಯಲ್ಲಿ ಪಾತ್‌ಫೈಂಡರ್ ಮೊದಲ ಸ್ಥಾನಕ್ಕೇರಿತ್ತು. ಹೆಸರಿನ ಒಡೆತನ ಒಬ್ಬರಲ್ಲಿ, ಆಟಗಾರರು ಇನ್ನೊಬ್ಬರಲ್ಲಿ.

ಇದಕ್ಕೂ ಮೊದಲೇ ಇನ್ನೂ ಹಿಂದಕ್ಕೆ ಹೊರಟ ಒಂದು ಗುಂಪಿತ್ತು. ಮೂರನೆಯ ಆವೃತ್ತಿಯ ನಿಯಮಗಳ ಭಾರ ಅವರಿಗೆ ಒಗ್ಗಲಿಲ್ಲ. ಎಲ್ಲಕ್ಕೂ ನಿಯಮವಿದ್ದರೆ ಸೂತ್ರಧಾರನ ವಿವೇಕಕ್ಕೂ ಆಟಗಾರನ ಜಾಣ್ಮೆಗೂ ಎಡೆಯೆಲ್ಲಿ ಎಂಬುದು ಅವರ ಪ್ರಶ್ನೆ. ಅವರು ಅಚ್ಚು ನಿಂತುಹೋಗಿದ್ದ 1970-80ರ ನಿಯಮಗಳನ್ನು ಮುಕ್ತ ಪರವಾನಗಿಯ ಆಸರೆಯಲ್ಲಿ ಹೊಸ ಮಾತುಗಳಲ್ಲಿ ಬರೆದು ಪ್ರಕಟಿಸತೊಡಗಿದರು. 2006ರಲ್ಲಿ ‘ಆಸ್ರಿಕ್’, 2007ರಲ್ಲಿ ‘ಲ್ಯಾಬಿರಿಂತ್ ಲಾರ್ಡ್’, 2008ರಲ್ಲಿ ‘ಸ್ವೋರ್ಡ್ಸ್ ಅಂಡ್ ವಿಝಾರ್ಡ್ರಿ’ ಹೀಗೆ ಬಂದವು. ಇದನ್ನು ಬರಿಯ ಹಳೆಯ ಕಾಲದ ಹಂಬಲವೆನ್ನಲಾಗದು. ಅವುಗಳನ್ನು ಇಂದು ಆಡುವವರಲ್ಲಿ ಮೂಲಗ್ರಂಥಗಳು ಪ್ರಕಟವಾದಾಗ ಹುಟ್ಟಿಯೇ ಇರದಿದ್ದ ತರುಣರೂ ಇದ್ದಾರೆ.

ಕಂಪನಿ ಪಾಠ ಕಲಿಯಿತು. ಮುಂದಿನ ಆವೃತ್ತಿಯ ಕರಡನ್ನು 2012ರಿಂದ ಆಟಗಾರರ ಮುಂದಿಟ್ಟು ಅಭಿಪ್ರಾಯ ಕೇಳಿತು. ಆ ಪರೀಕ್ಷೆಯಲ್ಲಿ ಪಾಲ್ಗೊಂಡವರು 1,75,000ಕ್ಕೂ ಹೆಚ್ಚು. ಮೊದಲ ಆವೃತ್ತಿಯ ಗ್ರಂಥಗಳನ್ನು 2012ರಲ್ಲಿ ಮತ್ತೆ ಅಚ್ಚು ಹಾಕಿಸಿತು. ಹಳೆಯ ಪುಸ್ತಕಗಳ ವಿದ್ಯುನ್ಮಾನ ಮಾರಾಟವನ್ನು 2013ರಲ್ಲಿ ಮರಳಿ ತೆರೆಯಿತು. 2014ರಲ್ಲಿ ಐದನೆಯ ಆವೃತ್ತಿ ಬಂತು. ಅದು ಒಂದು ಬಗೆಯ ಸಂಧಾನ ಗ್ರಂಥ: ಹಳೆಯ ಆವೃತ್ತಿಗಳ ಸರಳತೆ, ಮೂರನೆಯದರ ಒಂದೇ ಸೂತ್ರ, ನಾಲ್ಕನೆಯದರಿಂದ ಮಾಂತ್ರಿಕನಿಗೆ ಸದಾ ಬಳಸಬಹುದಾದ ಕಿರುಮಂತ್ರ. ಸಣ್ಣಪುಟ್ಟ ಕೂಡುಕಳೆಯುವ ಲೆಕ್ಕದ ಬದಲು, ಅನುಕೂಲವಿದ್ದಾಗ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ತೆಗೆದುಕೊ, ಅನನುಕೂಲವಿದ್ದಾಗ ಕಡಿಮೆಯದನ್ನು ತೆಗೆದುಕೊ ಎಂಬ ನಿಯಮ ಮಗುವಿಗೂ ತಿಳಿಯುವಂಥದು.

ಕಾಲವೂ ಕೂಡಿಬಂತು. 2015ರಿಂದ ನಟನಟಿಯರ ತಂಡವೊಂದು ತಾವು ಆಡುವುದನ್ನು ‘ಕ್ರಿಟಿಕಲ್ ರೋಲ್’ ಎಂಬ ಹೆಸರಿನಲ್ಲಿ ನೇರವಾಗಿ ತೋರಿಸತೊಡಗಿತು, ಆಡದವರೂ ನೋಡುಗರಾದರು. 2016ರ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಧಾರಾವಾಹಿಯಲ್ಲಿ 1980ರ ದಶಕದ ಹುಡುಗರು ಈ ಆಟವಾಡುವುದನ್ನು ಜಗತ್ತು ಕಂಡಿತು. ತೆರೆಯ ಮೇಲಿನ ಹುಡುಗರು ಆಡುತ್ತಿದ್ದುದು ಹಳೆಯ ಆಟ, ಅದನ್ನು ಕಂಡವರು ಅಂಗಡಿಯಲ್ಲಿ ಕೊಂಡದ್ದು ಐದನೆಯ ಆವೃತ್ತಿ.

ಹಾಗಾದರೆ ಯಾವ ಆವೃತ್ತಿ ಹೆಚ್ಚು ಜನಪ್ರಿಯ? ಪ್ರಶ್ನೆ ಸರಳವಾಗಿ ಕಂಡರೂ ‘ಜನಪ್ರಿಯ’ ಎಂಬ ಒಂದೇ ಮಾತಿನಲ್ಲಿ ಮೂರು ಅರ್ಥ ಸೇರಿಕೊಂಡಿವೆ. ಹೆಚ್ಚು ಮಾರಾಟವಾದದ್ದು, ಹೆಚ್ಚು ಆಡುತ್ತಿರುವುದು, ಹೆಚ್ಚು ಪ್ರೀತಿಗೆ ಪಾತ್ರವಾದದ್ದು. ಅಂಗಡಿಯ ಲೆಕ್ಕ ಮೊದಲನೆಯದನ್ನಷ್ಟೇ ಹೇಳೀತು. ದೂರದಲ್ಲಿರುವವರು ಕೂಡಿ ಆಡಲು ಅಂತರಜಾಲದಲ್ಲಿ ಏರ್ಪಟ್ಟಿರುವ ರೋಲ್20 ಎಂಬ ವೇದಿಕೆ 2020ರ ಆಸುಪಾಸು ಪ್ರಕಟಿಸಿದ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಐದನೆಯ ಆವೃತ್ತಿಯದೇ ಆಗಿತ್ತು. ಆದರೆ ಮನೆಯ ಊಟದ ಮೇಜಿನ ಮೇಲೆ, ಹರಿದ ರಟ್ಟಿಗೆ ಅಂಟು ಹಚ್ಚಿದ 1978ರ ಪುಸ್ತಕವನ್ನಿಟ್ಟುಕೊಂಡು ಆಡುವ ನಾಲ್ವರು ಯಾವ ವರದಿಯಲ್ಲೂ ಬರುವುದಿಲ್ಲ. ಅವರು ಹೊಸದಾಗಿ ಏನನ್ನೂ ಕೊಳ್ಳುವುದಿಲ್ಲ. ವ್ಯಾಪಾರದ ದೃಷ್ಟಿಯಲ್ಲಿ ಅವರು ಇಲ್ಲವೇ ಇಲ್ಲ. ಆಟದ ದೃಷ್ಟಿಯಲ್ಲಿ ಅವರಷ್ಟು ಗಟ್ಟಿಯಾಗಿ ಇರುವವರು ಬೇರಿಲ್ಲ.

ಎಲ್ಲ ಆಟಗಳಲ್ಲೂ ಈ ಜಗಳವಿದೆಯೆಂದಲ್ಲ. 1981ರಲ್ಲಿ ಹುಟ್ಟಿದ ‘ಕಾಲ್ ಆಫ್ ಕುಥುಲು’ ಎಂಬ ಭಯಾನಕ ಕಥೆಯ ಆಟ 2014ರಲ್ಲಿ ಏಳನೆಯ ಆವೃತ್ತಿಯನ್ನು ಕಂಡಿತು. ನೂರರ ದಾಳದ ಮೂಲಸೂತ್ರ ಇಂದಿಗೂ ಅದೇ. ಏಳನೆಯದರಲ್ಲಿ ಪಾತ್ರದ ಗುಣಾಂಕಗಳು ದೊಡ್ಡದಾದವು. ಆದರೆ ಹಳೆಯ ಅಂಕಿಯನ್ನು ಐದರಿಂದ ಗುಣಿಸಿದರೆ ಹೊಸದು ಸಿಕ್ಕಿತು. 1980ರ ದಶಕದ ಕಥೆಯನ್ನು ಇಂದು ಸಂಜೆ ಆಡಲು ಅಷ್ಟು ಲೆಕ್ಕ ಬಂದರೆ ಸಾಕು. ಆಟಗಾರನಿಗೆ ಬದಲಾವಣೆ ಬೇಡವೆಂದಲ್ಲ. ಹಳೆಯ ದಡದಿಂದ ಹೊಸ ದಡಕ್ಕೆ ಒಂದು ಸೇತುವೆ ಬೇಕು.

2023ರ ಜನವರಿಯಲ್ಲಿ ವಿಝಾರ್ಡ್ಸ್ ಕಂಪನಿ ಈ ಮಾತನ್ನು ಮತ್ತೊಮ್ಮೆ ಮರೆಯಿತು. 2000ದ ಮುಕ್ತ ಪರವಾನಗಿಯನ್ನು ರದ್ದುಪಡಿಸಿ, ವರ್ಷಕ್ಕೆ 7,50,000 ಡಾಲರಿಗಿಂತ ಹೆಚ್ಚು ಗಳಿಸುವ ಇತರ ಪ್ರಕಾಶಕರಿಂದ ಪಾಲು ಕೇಳುವ ಹೊಸ ಕರಾರಿನ ಕರಡು ಹೊರಬಿದ್ದಿತು. ಯಾವ ಆವೃತ್ತಿ ಮೇಲು ಎಂದು ಇಪ್ಪತ್ತು ವರ್ಷ ಕಾದಾಡಿದವರೆಲ್ಲ ಒಂದಾದರು. ಕಂಪನಿಯೇ ನಡೆಸಿದ ಸಮೀಕ್ಷೆಗೆ ಉತ್ತರಿಸಿದ 15,000ಕ್ಕೂ ಹೆಚ್ಚು ಜನರಲ್ಲಿ 89 ಪ್ರತಿಶತ ಹಳೆಯ ಪರವಾನಗಿಯ ರದ್ದತಿಗೆ ಅಸಮ್ಮತಿ ಸೂಚಿಸಿದರು. ಅದೇ ತಿಂಗಳ 27ರಂದು ಕಂಪನಿ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲನಿಯಮಗಳನ್ನು ಮರಳಿ ಕಿತ್ತುಕೊಳ್ಳಲಾಗದಂಥ ಸಾರ್ವಜನಿಕ ಪರವಾನಗಿಯಡಿ ಬಿಟ್ಟುಕೊಟ್ಟಿತು.

2024ರ ಸೆಪ್ಟೆಂಬರಿನಲ್ಲಿ ಅದರ ಪರಿಷ್ಕೃತ ಗ್ರಂಥ ಬರುವ ಮುನ್ನ ಇನ್ನೊಂದು ಸಣ್ಣ ಪ್ರಸಂಗ ನಡೆಯಿತು. ಅಂತರಜಾಲದಲ್ಲಿ ಆಟಗಾರರು ಹಣ ಕೊಟ್ಟು ಪಡೆದಿದ್ದ 2014ರ ಪಾಠದಲ್ಲಿನ ಮಂತ್ರಗಳ ಜಾಗದಲ್ಲಿ ಹೊಸ ಪಾಠವೇ ಕಾಣುವಂತೆ ಮಾಡುವುದಾಗಿ ಕಂಪನಿ ಆಗಸ್ಟ್‌ನಲ್ಲಿ ಸಾರಿತು. ಆಕ್ಷೇಪಣೆಯ ಸುರಿಮಳೆಯಾದ ಮೇಲೆ ಕೆಲವೇ ದಿನಗಳಲ್ಲಿ ಅದನ್ನೂ ಕೈಬಿಟ್ಟಿತು. ಪ್ರಸಂಗ ಸಣ್ಣದಾದರೂ ಅದು ಎತ್ತಿದ ಪ್ರಶ್ನೆ ಸಣ್ಣದಲ್ಲ. 1978ರ ಪುಸ್ತಕವನ್ನು ಕೊಂಡವನ ಕಪಾಟಿಗೆ ಯಾವ ಕಂಪನಿಯೂ ರಾತ್ರೋರಾತ್ರಿ ಕೈಹಾಕಿ ಪುಟ ಬದಲಿಸುವಂತಿರಲಿಲ್ಲ. ಪುಸ್ತಕ ಯಂತ್ರದೊಳಗೆ ಸೇರಿದಾಗ ಅದು ಸಾಧ್ಯವಾಯಿತು. ಹಳೆಯ ಆವೃತ್ತಿಗಳು ಇಷ್ಟು ಕಾಲ ಉಳಿದದ್ದು ಅವು ಶ್ರೇಷ್ಠವೆಂಬುದಕ್ಕಷ್ಟೇ ಅಲ್ಲ, ಕಾಗದದ ಮೇಲಿದ್ದವೆಂಬುದಕ್ಕೂ ಹೌದು.

ಹದಿನೈದನೆಯ ಶತಮಾನದ ಕೊನೆಗೆ ಯೂರೋಪಿನಲ್ಲಿ ಚತುರಂಗದ ಮಂತ್ರಿ ಒಂದು ಮನೆ ಸರಿಯುವುದನ್ನು ಬಿಟ್ಟು ಹಲಗೆಯ ತುದಿಯಿಂದ ತುದಿಗೆ ನುಗ್ಗುವ ರಾಣಿಯಾದಾಗ, ಆ ಹೊಸ ಆವೃತ್ತಿಯನ್ನು ಮಾರಲು ಒಬ್ಬ ಒಡೆಯನಿರಲಿಲ್ಲ. ಆಡಿದವರಿಗೆ ಹಿಡಿಸಿತು, ಹರಡಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸಿಗೆ ಒಡೆಯರಿದ್ದಾರೆ, ವಕೀಲರಿದ್ದಾರೆ, ಲಾಭನಷ್ಟದ ಲೆಕ್ಕವಿದೆ. ಆದರೂ ಕೊನೆಯ ತೀರ್ಪು ನಡೆಯುವ ಜಾಗ ಬದಲಾಗಿಲ್ಲ. ಆವೃತ್ತಿಯನ್ನು ಅಚ್ಚು ಹಾಕುವುದು ಕಂಪನಿಯ ಕೆಲಸ. ಅದನ್ನು ಬದುಕಿಸುವುದೋ ಬಿಡುವುದೋ ಮೇಜಿನ ಸುತ್ತ ಕುಳಿತ ಐವರ ಇಷ್ಟ.